ರ‍್ಯಾಮ್ ಹಾಕಿಸುವ ಮೊದಲು

1. ಕ್ಯಾಡ್ ನಿಧಾನವಾದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ‘ರ‍್ಯಾಮ್ ಸಾಲ್ತಿಲ್ಲ ಸಾರ್’. ಇಂಡೆಂಟ್ ಬರೆಯುವ ಮೊದಲು ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಮೆಮೊರಿ ತುಂಬಿ, ಡಿಸ್ಕ್ ಬಿಡುವಿಲ್ಲದೆ ಓಡುತ್ತಿದ್ದರೆ ಮಾತು ನಿಜ. ಅರ್ಧ ರ‍್ಯಾಮ್ ಖಾಲಿಯಿದ್ದೂ ಪರದೆ ತಡವರಿಸುತ್ತಿದ್ದರೆ ಗ್ರಾಫಿಕ್ಸ್ ಕಾರ್ಡನ್ನೋ ನೆಟ್‌ವರ್ಕನ್ನೋ ವಿಚಾರಿಸಿಕೊಳ್ಳಿ.

2. 32 ಬಿಟ್ ವಿಂಡೋಸ್‌ನಲ್ಲಿ ಒಂದು ಪ್ರೋಗ್ರಾಂಗೆ ಸಿಗುತ್ತಿದ್ದದ್ದು 2 ಜಿಬಿ, ಬೂಟ್ ಸೆಟ್ಟಿಂಗ್ ಬದಲಿಸಿದರೆ 3. ಹಾಗಾಗಿ ಆಗ ಎಲ್ಲರೂ ಕೈಬಿಗಿ ಹಿಡಿದೇ ಕೆಲಸ ಮಾಡುತ್ತಿದ್ದೆವು. ಆಟೋಕ್ಯಾಡ್ 2020ರಿಂದ ಬರುವುದು 64 ಬಿಟ್ ಮಾತ್ರ. ಮಿತಿ ಹೋಯಿತು, ಶಿಸ್ತೂ ಹೋಯಿತು.

3. ಕಾಣುವುದು ನಾಲ್ಕು ಗೋಡೆ, ಫೈಲ್ ಮಾತ್ರ ಹತ್ತಾರು ಎಂಬಿ. ಇಂಥ ಡ್ರಾಯಿಂಗ್ ಪ್ರತಿ ಆಫೀಸಿನಲ್ಲೂ ಇದೆ. ಬೇರೆಯವರ ಡ್ರಾಯಿಂಗ್‌ನಿಂದ ಕಾಪಿ-ಪೇಸ್ಟ್ ಮಾಡಿದಾಗಲೆಲ್ಲ ಅದರ ಲೇಯರ್, ಬ್ಲಾಕ್, ಲೈನ್‌ಟೈಪ್‌ಗಳೂ ಹಿಂದೆಯೇ ಬರುತ್ತವೆ. ಪರ್ಜ್ ಕೊಟ್ಟರೆ ಬಹಳಷ್ಟು ಹೋಗುತ್ತದೆ, ಎಲ್ಲವೂ ಅಲ್ಲ. ಕಮಾಂಡ್ ಲೈನ್‌ನಲ್ಲಿ ಮೊದಲು ಒಂದು ಅಡ್ಡಗೆರೆ ಹಾಕಿ, ಅದಕ್ಕೆ ಅಂಟಿಸಿ ಅದೇ ಪರ್ಜ್ ಟೈಪ್ ಮಾಡಿ ‘ರೆಗ್‌ಆ್ಯಪ್ಸ್’ ಆರಿಸಿ. ಸಾವಿರಗಟ್ಟಲೆ ಅನಾಥ ಹೆಸರುಗಳು ಉದುರುವುದನ್ನು ನೋಡುವಿರಿ. ಡಿಜಿಎನ್ ಫೈಲಿನಿಂದ ನುಸುಳಿದ ಲೈನ್‌ಸ್ಟೈಲ್ ಕಸ ಇನ್ನೂ ಮೊಂಡು. ಅದಕ್ಕೆ ‘ಆರ್ಫನ್ಡ್ ಡೇಟಾ’ ಆಯ್ಕೆಯಿದೆ. ಆಮೇಲೆ ಆಡಿಟ್. ಅಷ್ಟಕ್ಕೂ ಫೈಲ್ ಇಳಿಯದಿದ್ದರೆ ಬೇಕಾದದ್ದನ್ನು ಮಾತ್ರ ಡಬ್ಲ್ಯುಬ್ಲಾಕ್ ಮಾಡಿ ಹೊಸ ಫೈಲಿಗೆ ಹಾಕಿ. ಕ್ಲೈಂಟ್ ಕಳಿಸಿದ ಡ್ರಾಯಿಂಗ್‌ಗೆ ಈ ಸ್ನಾನ ಆಗದೆ ನಮ್ಮ ಸರ್ವರಿಗೆ ಪ್ರವೇಶವಿಲ್ಲ.

4. ಎಕ್ಸ್‌ರೆಫ್ ಅನ್ನು ‘ಅಟ್ಯಾಚ್’ ಮಾಡಿದರೆ ಅದರೊಳಗೆ ಅಟ್ಯಾಚ್ ಆದ ಎಕ್ಸ್‌ರೆಫ್‌ಗಳೂ ಬಂದು ಕೂರುತ್ತವೆ. ಮದುವೆಗೆ ಕರೆದದ್ದು ಒಬ್ಬರನ್ನು, ಬಂದದ್ದು ಇಡೀ ಕೇರಿ. ‘ಓವರ್‌ಲೇ’ ಮಾಡಿದ್ದು ಹೀಗೆ ಮುಂದಿನ ಡ್ರಾಯಿಂಗ್‌ಗೆ ಹಿಂಬಾಲಿಸುವುದಿಲ್ಲ. ಇಂದು ಬೇಡದ ಎಕ್ಸ್‌ರೆಫ್‌ಗೆ ಡಿಟ್ಯಾಚ್ ಬೇಡ, ಅನ್‌ಲೋಡ್ ಸಾಕು. ಲೇಯರ್ ಆಫ್ ಮಾಡುವ ಬದಲು ಫ್ರೀಜ್ ಮಾಡಿ. ಆಫ್ ಆದದ್ದಕ್ಕೂ ರೀಜೆನ್ ದಂಡ ತಪ್ಪುವುದಿಲ್ಲ.

5. ಸಾಲಿಡ್‌ವರ್ಕ್ಸ್‌ನಲ್ಲಿ ನಾನು ಮೊದಲು ಅನುಮಾನಿಸುವುದು ಬೋಲ್ಟನ್ನು. ಥ್ರೆಡ್ಡನ್ನು ಹೆಲಿಕ್ಸ್‌ನಲ್ಲಿ ನಿಜವಾಗಿ ಕೊರೆದ ಒಂದು ಎಂ12 ಬೋಲ್ಟ್ ನೂರಾರು ಕಡೆ ಕೂತ ಅಸೆಂಬ್ಲಿ ತಿರುಗಿಸಲೂ ಒದ್ದಾಡುತ್ತದೆ. ಡ್ರಾಯಿಂಗ್‌ಗೆ ಕಾಸ್ಮೆಟಿಕ್ ಥ್ರೆಡ್ ಧಾರಾಳ ಸಾಕು. ಎರಡನೆಯ ಆರೋಪಿ ವೆಂಡರ್ ಕೊಟ್ಟ ಗೇರ್‌ಬಾಕ್ಸ್ ಮಾಡೆಲ್. ನಮಗೆ ಬೇಕಾದದ್ದು ಫೂಟ್ ಹೋಲ್, ಶಾಫ್ಟ್, ಹೊರಮೈ. ಬಂದದ್ದು ಬೇರಿಂಗ್ ಗುಂಡುಗಳ ಸಮೇತ. ಅಸೆಂಬ್ಲಿಯನ್ನು ಪಾರ್ಟ್ ಆಗಿ ಸೇವ್ ಮಾಡುವಾಗ ಹೊರಮೈಗಳಷ್ಟನ್ನೇ ಉಳಿಸಿಕೊಳ್ಳಬಹುದು; ಡಿಫೀಚರ್ ಕೂಡ ಇದೆ. ಲೈಟ್‌ವೇಟ್‌ನಲ್ಲಿ ತೆರೆಯುವುದು ಇದೆಲ್ಲ ಆದ ಮೇಲಿನ ಮಾತು.

6. ರ‍್ಯಾಮ್ ಬೇಕಾದಷ್ಟಿದ್ದೂ ಮೆನು ಅರ್ಧ ಮೂಡಿ, ಐಕಾನ್‌ಗಳು ಕಪ್ಪಾಗಿ ಪ್ರೋಗ್ರಾಂ ಬಿದ್ದರೆ ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್‌ನಲ್ಲಿ ‘ಜಿಡಿಐ ಆಬ್ಜೆಕ್ಟ್ಸ್’ ಕಾಲಂ ಸೇರಿಸಿ ನೋಡಿ. ವಿಂಡೋಸ್ ಸಾಮಾನ್ಯವಾಗಿ ಒಂದು ಪ್ರೋಗ್ರಾಂಗೆ ಕೊಡುವುದು 10,000. ತೆರೆದಿಟ್ಟ ಕಿಟಕಿಗಳೆಲ್ಲ ಅದನ್ನು ತಿನ್ನುತ್ತವೆ. ಅಂಕಿ ಒಂಬತ್ತು ಸಾವಿರದ ಹತ್ತಿರ ಬಂದರೆ ಸೇವ್ ಕೊಟ್ಟು, ಪ್ರೋಗ್ರಾಂ ಪೂರ್ತಿ ಮುಚ್ಚಿ, ಕಾಫಿಗೆ ಎದ್ದುಹೋಗಿ.