ಕೀಮೋ ಮತ್ತು ಸ್ನಾಯುಬಲ: ಔಷಧದ ಜೊತೆ ಊಟಕ್ಕೂ ನೆರವು ಬೇಕು



ಪರೇಲ್‌ನ ಟಾಟಾ ಮೆಮೋರಿಯಲ್ ಆಸ್ಪತ್ರೆ 1941ರಲ್ಲಿ ಆರಂಭವಾಯಿತು. ಇಂದಿಗೂ ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯಿಂದ ರೈಲು ಹತ್ತಿ ಅಲ್ಲಿಗೆ ಬರುವವರಿದ್ದಾರೆ. ಮರಾಠಿ, ಹಿಂದಿ ಬಾರದವರಿಗೆ ನೆರವಾಗಲು ನಾನು ವಾರಕ್ಕೆರಡು ದಿನ ಹೋಗುತ್ತೇನೆ. ನಮ್ಮ ಸಂಘ ಇದುವರೆಗೆ ಔಷಧ, ತಪಾಸಣೆ, ವಸತಿಗಳಿಗೆ ಸಹಾಯ ನೀಡಿದೆ. ಈ ಬಾರಿ ಊಟದ ಖರ್ಚಿಗೂ ಏಕೆ ಕೈಯೊಡ್ಡುತ್ತಿದ್ದೇವೆ ಎಂಬುದನ್ನು ತಿಳಿಸುವುದು ನನ್ನ ಕರ್ತವ್ಯ.

ಕಳೆದ ಮಳೆಗಾಲದಲ್ಲಿ ವಿಜಯಪುರ ಕಡೆಯ ರೈತರೊಬ್ಬರು ಕರುಳಿನ ಕ್ಯಾನ್ಸರಿಗೆ ಕೀಮೋ ಪಡೆಯುತ್ತಿದ್ದರು. ಎರಡನೆಯ ಸುತ್ತಿನ ನಂತರ ಬಾಯಿತುಂಬ ಹುಣ್ಣು, ಭೇದಿ. ಬಿಳಿ ರಕ್ತಕಣಗಳೂ ಇಳಿದವು. ಮೂರನೆಯ ಸುತ್ತು ಮುಂದೆ ಹೋಯಿತು, ಧರ್ಮಶಾಲೆಯ ವಾಸ ಬೆಳೆಯಿತು. ತೂಕ ಮಾತ್ರ ಅಷ್ಟಾಗಿ ಇಳಿದಿರಲಿಲ್ಲ. ಕಾಲುಗಳಲ್ಲಿ ನೀರು ತುಂಬಿತ್ತು. ತೊಡೆ, ತೋಳು ಸೊರಗಿದ್ದವು. ನೆಲದಿಂದ ಏಳಲು ಹೆಂಡತಿಯ ಹೆಗಲು ಬೇಕಿತ್ತು. ಏನು ಉಣ್ಣುತ್ತಾರೆಂದು ಕೇಳಿದೆ. “ಗಂಜೀರಿ ಅಣ್ಣಾರ. ಜಡ್ಡಿನಾಗ ಬ್ಯಾಳಿ, ತತ್ತಿ ಕೊಟ್ರ ಉಷ್ಣ ಆಗತೈತಲ್ರೀ?” ಎಂದರು ಆ ತಾಯಿ. ಮರುದಿನ ಆಹಾರತಜ್ಞೆ ಹೇಳಿದ್ದನ್ನು ಅವರಿಗೆ ಕನ್ನಡದಲ್ಲಿ ಹೇಳುತ್ತಾ ನಾನೂ ಪಾಠ ಕಲಿತೆ.

ಕೀಮೋ ಪ್ರಮಾಣವನ್ನು ಸಾಮಾನ್ಯವಾಗಿ ಎತ್ತರ, ತೂಕಗಳಿಂದ ಲೆಕ್ಕಹಾಕುತ್ತಾರೆ. ಆ ತೂಕದಲ್ಲಿ ಕೊಬ್ಬೆಷ್ಟು, ನೀರೆಷ್ಟು, ಸ್ನಾಯುವೆಷ್ಟು ಎಂಬುದು ಲೆಕ್ಕದಲ್ಲಿ ಕಾಣದು. ಆದರೆ ನೀರಿನಲ್ಲಿ ಕರಗುವ ಹಲವು ಔಷಧಗಳು ಮುಖ್ಯವಾಗಿ ಸ್ನಾಯು ಮೊದಲಾದ ಕೊಬ್ಬಿಲ್ಲದ ಭಾಗಗಳಲ್ಲಿ ಹರಡುತ್ತವೆ. ಸ್ನಾಯು ಕರಗಿದವರಿಗೆ ಅದೇ ಪ್ರಮಾಣ ಕೊಟ್ಟರೆ, ಒಂದು ಪಾತ್ರೆ ಸಾರಿಗೆ ಹಾಕುವ ಉಪ್ಪನ್ನು ಒಂದೇ ಬಟ್ಟಲಿಗೆ ಹಾಕಿದಂತೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು: 5-ಎಫ್‌ಯು ಔಷಧ ಪಡೆದ ಕರುಳಿನ ಕ್ಯಾನ್ಸರ್ ರೋಗಿಗಳಲ್ಲಿ, ಕೊಬ್ಬಿಲ್ಲದ ದೇಹದ ಪ್ರತಿ ಕಿಲೋಗೆ ಹೆಚ್ಚು ಔಷಧ ಬಿದ್ದವರಿಗೆ ತೀವ್ರ ಅಡ್ಡಪರಿಣಾಮಗಳೂ ಹೆಚ್ಚು. ಮೈ ದಪ್ಪಗಿದ್ದವರಲ್ಲೂ ಸ್ನಾಯು ಕಡಿಮೆ ಇರಬಹುದು. ಸಿ.ಟಿ. ಸ್ಕ್ಯಾನಿನಲ್ಲಿ ಸೊಂಟದ ಮೂರನೆಯ ಮೂಳೆಯ ಮಟ್ಟದ ಚಿತ್ರದಿಂದ ಇದನ್ನು ಅಳೆಯಬಹುದು.

ಮನೆಯಲ್ಲಿ ತಿಳಿಯುವ ದಾರಿಯೂ ಇದೆ. ಕೈಕಟ್ಟಿಕೊಂಡು ಕುರ್ಚಿಯಿಂದ ಐದು ಬಾರಿ ಎದ್ದು ಕೂರಲು 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಬಲ ಕುಂದಿದೆ ಎನ್ನುತ್ತಾರೆ. ಪಕ್ಕದಲ್ಲಿ ಒಬ್ಬರು ನಿಂತಿರಲಿ. ಫಲಿತಾಂಶವನ್ನು ವೈದ್ಯರಿಗೆ ತಿಳಿಸಿ.

ರೋಗವೇ ಸ್ನಾಯುವನ್ನು ತಿನ್ನುತ್ತದೆ. ಅದರ ಮೇಲೆ ಬರೀ ಗಂಜಿಯ ಪಥ್ಯ, ದಿನವಿಡೀ ಹಾಸಿಗೆ ಸೇರಿದರೆ ಇಳಿತ ಇನ್ನೂ ವೇಗ. ಕ್ಯಾನ್ಸರ್ ರೋಗಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.5 ಗ್ರಾಂ ಪ್ರೋಟೀನ್ ಬೇಕೆಂಬುದು ತಜ್ಞರ ಸಲಹೆ. 50 ಕಿಲೋ ತೂಗುವವರಿಗೆ 50ರಿಂದ 75 ಗ್ರಾಂ. ಎರಡು ಮೊಟ್ಟೆ, ಅರ್ಧ ಲೀಟರ್ ಹಾಲು, 50 ಗ್ರಾಂ ತೊಗರಿಬೇಳೆ ಸೇರಿದರೆ ಸುಮಾರು 40 ಗ್ರಾಂ ಆಯಿತು. ಮೊಟ್ಟೆ ಒಲ್ಲದವರಿಗೆ ಶೇಂಗಾ, ಹುರಿಗಡಲೆ ಪುಡಿ, ಪನೀರ್ ಇವೆ. ಬಾಯಿಹುಣ್ಣಿದ್ದರೆ ಬೇಳೆಯನ್ನು ಮೆತ್ತಗೆ ಬೇಯಿಸಿ, ಖಾರವಿಲ್ಲದೆ ಗಂಜಿಗೇ ಕಲಸಬಹುದು. ಎಲ್ಲವೂ ಚೆನ್ನಾಗಿ ಬೆಂದಿರಲಿ. ಹಸಿ ಮೊಳಕೆಕಾಳು ಬೇಡ. ಮೂತ್ರಪಿಂಡದ ತೊಂದರೆಯಿದ್ದವರು ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು. ಶಕ್ತಿಯಿದ್ದಷ್ಟು ದಿನವೂ ನಡೆದಾಡಬೇಕು. ಸ್ನಾಯು ಉಳಿಯಲು ಊಟವೊಂದೇ ಸಾಲದು.

ಆ ರೈತರಿಗೆ ವೈದ್ಯರು ಔಷಧದ ಪ್ರಮಾಣವನ್ನು ತಗ್ಗಿಸಿದರು. ಹೆಂಡತಿ ಗಂಜಿಗೆ ಬೇಳೆ ಸೇರಿಸಿದರು, ಬೇಯಿಸಿದ ಮೊಟ್ಟೆ ಕೊಟ್ಟರು. ಸಂಜೆ ಧರ್ಮಶಾಲೆಯ ಮೊಗಸಾಲೆಯಲ್ಲಿ ಕೈಹಿಡಿದು ನಡೆಸಿದರು. ನಾಲ್ಕನೆಯ ಸುತ್ತು ಹೇಳಿದ ದಿನಕ್ಕೇ ನಡೆಯಿತು. ಮೊಟ್ಟೆಯಿಂದಲೇ ಹೀಗಾಯಿತೆಂದು ನಾನು ಹೇಳಲಾರೆ. ಆದರೆ ಹಾಲಿಗೆ ಹಣ ಸಾಲದೆ ಆ ತಾಯಿ ತಾವು ಚಹಾ–ಪಾವ್ ತಿಂದು ದಿನ ನೂಕುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ.

ಒಬ್ಬ ರೋಗಿಯ ಒಂದು ಸುತ್ತಿನ ಕೀಮೋ ಅವಧಿಗೆ ಹಾಲು, ಮೊಟ್ಟೆ, ಬೇಳೆ: ಇಷ್ಟನ್ನು ತಮ್ಮ ಹೆಸರಿನಲ್ಲೋ, ಹಿರಿಯರ ಸ್ಮರಣೆಯಲ್ಲೋ ವಹಿಸಿಕೊಳ್ಳಬೇಕೆಂದು ವಿನಂತಿ. ಹಣ ಕೊಡಲಾಗದವರು ವಾರಕ್ಕೊಂದು ಸಂಜೆ ಪರೇಲ್‌ಗೆ ಬಂದು ಒಬ್ಬ ರೋಗಿಯೊಡನೆ ನಾಲ್ಕು ಹೆಜ್ಜೆ ನಡೆದರೂ ಅದು ದೊಡ್ಡ ನೆರವೇ.

ತಮ್ಮ ವಿಶ್ವಾಸಿ,
ವೈದ್ಯಕೀಯ ನೆರವು ಸಮಿತಿಯ ಸ್ವಯಂಸೇವಕ