ಬುದ್ಧಿಹಲ್ಲು ಕೀಳಿಸಿದ ಮೇಲೆ ಮೊದಲ ಐದು ದಿನ

ಬುದ್ಧಿಹಲ್ಲು ಸಾಮಾನ್ಯವಾಗಿ ಹುಟ್ಟೋದು 17ರಿಂದ 25 ವರ್ಷದೊಳಗೆ, ಅಂದ್ರೆ ಸರಿಯಾಗಿ ನಾವು ಕಾಲೇಜಲ್ಲಿರೋ ಹೊತ್ತಿಗೆ. ಹೋದ ಸೆಮಿಸ್ಟರಿನಲ್ಲಿ ನಮ್ಮ ರೂಮಿನ ಗೆಳೆಯ ಶುಕ್ರವಾರ ಹಲ್ಲು ಕೀಳಿಸಿಕೊಂಡು ಬಂದ. ಸೋಮವಾರ ಇಂಟರ್ನಲ್ಸ್! ಭಾನುವಾರ ಅವನ ಕೆನ್ನೆ ಬನ್ನಿನ ಹಾಗೆ ಊದಿದ್ದು ನೋಡಿ ನಾವೆಲ್ಲ ಗಾಬರಿಯಾದೆವು. ಆದರೆ ಗಾಬರಿಪಡಬೇಕಾಗಿದ್ದು ಅದಕ್ಕಲ್ಲ.

ಊತ ಯಾಕೆ ಬರುತ್ತೆ? ಒಸಡು ಕುಯ್ದು, ಕೆಲವೊಮ್ಮೆ ಮೂಳೆಯನ್ನೂ ಸ್ವಲ್ಪ ಕೊರೆದು ಹಲ್ಲು ತೆಗೀತಾರೆ. ಗಾಯ ಮಾಯಿಸೋಕೆ ದೇಹ ಅಲ್ಲಿಗೆ ಹೆಚ್ಚು ರಕ್ತ, ದ್ರವ ಹರಿಸುತ್ತೆ. ಹಾಗಾಗಿ ಊತ ಎರಡು-ಮೂರನೇ ದಿನ ಗರಿಷ್ಠ ಮಟ್ಟ ಮುಟ್ಟಿ, ಆಮೇಲೆ ಇಳಿಯುತ್ತೆ.

ಮೊದಲ ದಿನ: ಐಸನ್ನು ಬಟ್ಟೆಯಲ್ಲಿ ಸುತ್ತಿ ಕೆನ್ನೆ ಮೇಲೆ 15-20 ನಿಮಿಷ ಇಡಿ, ಅಷ್ಟೇ ಹೊತ್ತು ಬಿಡಿ. ಎರಡು ದಿಂಬು ಹಾಕಿ ತಲೆ ಎತ್ತರಿಸಿ ಮಲಗಿ. ತಣ್ಣಗಿನ ಮೊಸರನ್ನ, ಆರಿದ ಗಂಜಿ ಸಾಕು. ಬಾಯಿ ಮುಕ್ಕಳಿಸೋದು ಬೇಡ.

ಎರಡನೇ ದಿನದಿಂದ: ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಊಟವಾದ ಮೇಲೆ ಮೆಲ್ಲಗೆ ಬಾಯಲ್ಲಿ ಆಡಿಸಿ.

ಮಾತ್ರೆ: ಮರಗಟ್ಟಿದ್ದು ಬಿಡೋ ಮೊದಲೇ ತಗೊಂಡರೆ ನೋವು ಹತೋಟಿಯಲ್ಲಿರುತ್ತೆ. ಡಾಕ್ಟರು ಬರೆದಷ್ಟೇ ತಗೊಳ್ಳಿ. ಕೆಲವು ನೋವಿನ ಮಾತ್ರೆಗಳಲ್ಲೇ ಪ್ಯಾರಾಸಿಟಮಾಲ್ ಸೇರಿರುತ್ತೆ; ಅದರ ಜೊತೆ ಇನ್ನೊಂದು ನುಂಗಿದರೆ ಡೋಸ್ ಹೆಚ್ಚಾಗುತ್ತೆ. ಅಸ್ತಮಾ, ಅಲ್ಸರ್ ಇದ್ದರೆ ಮೊದಲೇ ಹೇಳಿ.

ಇನ್ನು ನಾವು ಎಡವಿದ್ದು ಎಲ್ಲಿ? ಹಲ್ಲಿದ್ದ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟಿ, ಒಳಗಿನ ಮೂಳೆಗೂ ನರಕ್ಕೂ ಮುಚ್ಚಳದ ಹಾಗೆ ಕೂತಿರುತ್ತೆ. ಸ್ಟ್ರಾದಲ್ಲಿ ಹೀರೋದು, ಜೋರಾಗಿ ಉಗಿಯೋದು, ಸಿಗರೇಟು ಸೇದೋದು ಮಾಡಿದರೆ ಈ ಹೆಪ್ಪು ಕಿತ್ತುಬರಬಹುದು. ಅದೇ ಡ್ರೈ ಸಾಕೆಟ್. ಗೆಳೆಯನಿಗೆ ಶನಿವಾರ ಕ್ಯಾಂಟೀನಿಂದ ಜ್ಯೂಸು ತಂದುಕೊಟ್ಟವರು ನಾವೇ, ಸ್ಟ್ರಾ ಸಮೇತ! ಮಂಗಳವಾರ ಊತ ಇಳಿದಿತ್ತು, ಆದರೆ ನೋವು ಕಿವಿಯವರೆಗೂ ಏರಿತ್ತು. "ಗಾಯ ಮಾಯ್ತಿದೆ ಬಿಡೋ" ಅಂತ ಒಂದು ದಿನ ತಳ್ಳಿದೆವು. ಬುಧವಾರ ಡಾಕ್ಟರು ಗುಳಿ ತೊಳೆದು ಔಷಧಿ ತುಂಬಿದ ಮೇಲೇ ಅವನು ನಿದ್ದೆ ಮಾಡಿದ್ದು.

ಆದ್ದರಿಂದ ನೋವಿನ ಗ್ರಾಫ್ ನೋಡ್ತಾ ಇರಿ. ಮೂರನೇ ದಿನದ ನಂತರ ಅದು ಇಳಿಯಬೇಕು. ಏರಿದರೆ, ಜ್ವರ ಬಂದರೆ, ಊತ ಹೆಚ್ಚುತ್ತಲೇ ಹೋದರೆ ಡಾಕ್ಟರ ಹತ್ರ ಹೋಗಿ. ನುಂಗೋಕೆ, ಉಸಿರಾಡೋಕೆ ಕಷ್ಟವಾದರೆ ತಕ್ಷಣ ಆಸ್ಪತ್ರೆಗೆ. ಹಲ್ಲು ಕೀಳಿಸೋ ದಿನಕ್ಕೂ ಇಂಟರ್ನಲ್ಸಿಗೂ ಒಂದು ವಾರವಾದರೂ ಅಂತರ ಇಟ್ಟುಕೊಳ್ಳಿ.