ಕೀಟದ ಕಣ್ಣು ಮತ್ತು ಹಾರುಯಂತ್ರದ ಕಣ್ಣು

ತೊಗರಿಯ ಕಾಯಿಕೊರಕ ಹುಳುವಿನ ನಿವಾರಣೆಗೆ ಡ್ರೋನ್ ಎಂಬ ಹಾರುಯಂತ್ರದಿಂದ ಔಷಧಿ ಸಿಂಪಡಿಸುವ ಕ್ರಮವು ಈಚೆಗೆ ಬಳಕೆಗೆ ಬಂದಿರುತ್ತದೆ. ನಾರಾಯಣಪುರದಂತಹ ಊರುಗಳಲ್ಲಿ ಹೊಲದ ಬದುವಿಗೆ ಬೇವಿನ ಮರವೋ ವಿದ್ಯುತ್ ತಂತಿಯೋ ಇರುವುದು ಸಾಮಾನ್ಯ. ಇವಕ್ಕೆ ತಾಗಿದರೆ ಯಂತ್ರವು ಕೆಡುವುದಲ್ಲದೆ ಔಷಧಿಯು ಚೆಲ್ಲಿ ಆಳುಗಳಿಗೂ ಅಪಾಯವಾದೀತು. ಆದುದರಿಂದ ಗ್ರಾಮದ ಮುಖಂಡರೂ ಜಮೀನುದಾರರೂ ಈ ಯಂತ್ರದ ಕಣ್ಣಿನ ವಿಚಾರವನ್ನು ತಿಳಿದಿರತಕ್ಕದ್ದು.

ಮನುಷ್ಯನ ಕಣ್ಣಿಗೆ ಮಸೂರವು ಒಂದೇ. ಜೇನುಹುಳುವಿನ ಒಂದೊಂದು ಕಣ್ಣಿನಲ್ಲಿಯೂ ಸುಮಾರು 5,000 ಕಿರುಗಣ್ಣುಗಳಿದ್ದು, ಪ್ರತಿಯೊಂದೂ ಬೇರೆ ದಿಕ್ಕನ್ನು ನೋಡುತ್ತದೆ. ಹೀಗಾಗಿ ಹುಳುವು ತಲೆ ತಿರುಗಿಸದೆಯೇ ಹೆಚ್ಚುಕಡಿಮೆ ಸುತ್ತಲನ್ನೂ ಕಾಣುವುದು.

ಬಂಡಿಯಲ್ಲಿ ಹೋಗುವಾಗ ಹತ್ತಿರದ ಮರವು ಬೇಗನೆ ಹಿಂದೆ ಸರಿಯುವುದು. ದೂರದ ಗುಡ್ಡವು ನಿಂತಂತೆ ತೋರುವುದು. ಜೇನು ದಾರಿ ಅಳೆಯುವುದು ಈ ಸರಿಯುವಿಕೆಯಿಂದಲೇ. ಎಡಬಲಗಳೆರಡೂ ಒಂದೇ ವೇಗದಿಂದ ಸರಿಯುವಂತೆ ಹಾರಿ, ಅದು ಇಕ್ಕಟ್ಟಿನಲ್ಲಿಯೂ ನಡುದಾರಿಯನ್ನು ಹಿಡಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವ್ಯಾಸಂಗ ಮಾಡಿದ ಮಂಡಯಂ ಶ್ರೀನಿವಾಸನ್‌ರವರು ಆಸ್ಟ್ರೇಲಿಯಾದಲ್ಲಿ ಇದನ್ನು ಪರೀಕ್ಷಿಸಿ ತೋರಿಸಿ, ಹಾರುಯಂತ್ರಗಳಿಗೂ ಅನ್ವಯಿಸಿದರು. 2006ರಲ್ಲಿ ಆ ದೇಶದ ಪ್ರಧಾನಮಂತ್ರಿಯವರ ವಿಜ್ಞಾನ ಪಾರಿತೋಷಕವು ಅವರಿಗೆ ಸಂದಿತು.

ಸ್ವಿಟ್ಜರ್‌ಲೆಂಡಿನ ಲೊಸಾನ್ ನಗರದ ತಾಂತ್ರಿಕ ವಿದ್ಯಾಸಂಸ್ಥೆಯವರು ನೊಣದ ಕಣ್ಣನ್ನು ನೋಡಿ, ಬೋರಲು ಬಟ್ಟಲಿನಂತಹ ಗುಮ್ಮಟದ ಮೇಲೆ ಸುಮಾರು ನೂರು ಕಿರು ಕ್ಯಾಮೆರಾಗಳನ್ನು ಕೂಡಿಸಿದರು. ಅಕ್ಕಪಕ್ಕದ ಕ್ಯಾಮೆರಾಗಳ ನೋಟವು ಒಂದರ ಮೇಲೊಂದು ಹಾಯುವುದರಿಂದ ದೂರವನ್ನೂ ಲೆಕ್ಕ ಹಾಕಬಹುದು. ಆದರೆ ಎಲ್ಲ ಚಿತ್ರಗಳೂ ಆ ಕ್ಷಣದಲ್ಲಿಯೇ ಒಂದುಗೂಡಬೇಕು. ಸೆಕೆಂಡಿಗೆ 5 ಮೀಟರ್ ಹಾರುವ ಯಂತ್ರಕ್ಕೆ ಅರ್ಧ ಸೆಕೆಂಡು ತಡವಾದರೆ, ಅಷ್ಟರಲ್ಲಿ ಅದು 2.5 ಮೀಟರ್ ಮುಂದೆ ಹೋಗಿರುತ್ತದೆ.

ಇಂತಹ ಕಣ್ಣುಗಳಿಗೂ ಮಿತಿಯುಂಟು. ತೆಳುವಾದ ತಂತಿಯು ಸುಲಭವಾಗಿ ಗೋಚರಿಸದು. ಕತ್ತಲಲ್ಲಿ ಕ್ಯಾಮೆರಾವು ಕಾಣದು. ಆದ್ದರಿಂದ ಈ ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು:

1. ಯಂತ್ರಕ್ಕೆ ಕಣ್ಣು ಮುಂದುಗಡೆ ಮಾತ್ರವೋ, ಸುತ್ತಲೂ ಉಂಟೋ ಎಂದು ಮೊದಲೇ ವಿಚಾರಿಸುವುದು.

2. ನಡೆಸುವವನ ಬಳಿ ಡ್ರೋನ್ ಚಾಲನೆಯ ಪ್ರಮಾಣಪತ್ರವಿದೆಯೇ ಎಂದು ನೋಡುವುದು.

3. ತಂತಿ, ಕಂಬ, ಮರ, ಬಾವಿಗಳನ್ನು ಹಿಂದಿನ ದಿನವೇ ಹೊಲ ಸುತ್ತಿ ತೋರಿಸುವುದು.

4. ಹೂವಿರುವಾಗ ಜೇನು ಹಾರಾಡುವ ವೇಳೆ ಸಿಂಪಡಿಸಲಾಗದು. ಸಂಜೆ ಜೇನು ಗೂಡು ಸೇರಿದ ಮೇಲೆ, ಬೆಳಕು ಆರುವುದರೊಳಗೆ, ಗಾಳಿಯಿಲ್ಲದಾಗ ಕೆಲಸ ಮುಗಿಸುವುದು.

ಯಂತ್ರಕ್ಕೆ ದಾರಿ ಕಲಿಸಿದ ಹುಳುವನ್ನೇ ಆ ಯಂತ್ರದ ಔಷಧಿಯಿಂದ ಕೊಂದರೆ, ಹೂವಿನಿಂದ ಹೂವಿಗೆ ಪರಾಗ ಒಯ್ಯುವವರಿಲ್ಲದೆ ನಷ್ಟವು ಬೇಸಾಯಗಾರನಿಗೇ ಸರಿ.